ಆಯಿಯನ್ನು ಮಾಳಿಗೆ ಹತ್ತಿಸಿದ ಲೆಕ್ಕ

ಕಣಗಲಾದ ನಮ್ಮ ಮನೆಯ ಮಾಳಿಗೆಗೆ ಇದ್ದದ್ದು ಹನ್ನೆರಡೇ ಪಾವಟಿಗೆ. ಪ್ರತಿ ಬೇಸಿಗೆ ಸಂಕೇಶ್ವರದ ಸಂತೆಯಿಂದ ಮೆಣಸಿನಕಾಯಿ ತಂದರೆ, ಮೇಲೆ ಒಯ್ದು ಒಣಹಾಕುವವಳು ನನ್ನ ಹೆಂಡತಿಯೇ. ಹೋದ ವರ್ಷ ಇಳಿಯುವಾಗ ಅವಳ ಕಾಲು ಜಾರಿತು. ಎಲುಬು ಮುರಿಯಲಿಲ್ಲ, ಧೈರ್ಯ ಮುರಿಯಿತು. ಮತ್ತೆ ಮಾಳಿಗೆ ಹತ್ತಲಿಲ್ಲ. ವಯಸ್ಸಾಯಿತು ಎಂದು ನಾನೂ ಸುಮ್ಮನಾದೆ.

ಈ ಸಲ ರಜೆಗೆ ಬಂದ ಒಂಬತ್ತನೆಯ ತರಗತಿಯ ಮೊಮ್ಮಗಳು ಸುಮ್ಮನಾಗಲಿಲ್ಲ. ಟೇಪು ಹಿಡಿದು ಅಳೆದಳು. ನೆಲದಿಂದ ಮಾಳಿಗೆಗೆ 306 ಸೆಂ.ಮೀ. ಹನ್ನೆರಡರಿಂದ ಭಾಗಿಸಿದರೆ ಒಂದೊಂದು ಪಾವಟಿಗೆಯ ಎತ್ತರ 25.5. ಕಾಲಿಡುವ ಜಾಗ ಬರೀ 20.

“ಅಜ್ಜಾ, ಮುಂದ ಹೋಗೂದಕ್ಕಿಂತ ಮ್ಯಾಲ ಏರೂದ ಹೆಚ್ಚೈತಿ. ತಪ್ಪು ಆಯೀದಲ್ಲ, ಪಾವಟಿಗೀದು!”

ಎತ್ತರವನ್ನು ಕಾಲಿಡುವ ಜಾಗದಿಂದ ಭಾಗಿಸಿದರೆ ಸಿಗುವುದೇ ಇಳಿಜಾರಿನ ಪ್ರಮಾಣ. ಎರಡೂ ಸಮವಾಗಿದ್ದರೆ ಅದು 1, ಕೋನ 45 ಡಿಗ್ರಿ. ನಮ್ಮದು 1.275, ಅಂದರೆ ಸುಮಾರು 52 ಡಿಗ್ರಿ. ಅದು ಪಾವಟಿಗೆಯಲ್ಲ, ಏಣಿಯ ತಮ್ಮ!

ಹಾಗಾದರೆ ಎಷ್ಟಿರಬೇಕು? 17ನೆಯ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಇದಕ್ಕೊಂದು ಸೂತ್ರ ಕೊಟ್ಟ. ಮೇಲೇರುವ ಶ್ರಮ ಮುಂದೆ ನಡೆಯುವ ಶ್ರಮದ ಎರಡರಷ್ಟು. ಆದ್ದರಿಂದ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಜಾಗ ಕೂಡಿಸಿದರೆ ಒಂದು ಹೆಜ್ಜೆಯ ಅಳತೆ ಬರಬೇಕು. ಇಂದು ಸಾಮಾನ್ಯವಾಗಿ ಅದನ್ನು 60ರಿಂದ 65 ಸೆಂ.ಮೀ. ಎಂದು ಹಿಡಿಯುತ್ತಾರೆ. ನಮ್ಮದು 51 ಕೂಡಿಸು 20, ಒಟ್ಟು 71!

ಮೊಮ್ಮಗಳು ಮೊದಲು 15 ಸೆಂ.ಮೀ. ಎತ್ತರ ಹಿಡಿದಳು. ಇಪ್ಪತ್ತು ಪಾವಟಿಗೆಯಾಗಿ 6 ಸೆಂ.ಮೀ. ಉಳಿಯಿತು. ಗೌಂಡಿ, “ಕಡೀದೊಂದು ಗಿಡ್ಡ ಮಾಡಿದರ ಆತರೀ” ಅಂದ. ಅವಳು ಒಪ್ಪಲಿಲ್ಲ. ಎರಡು ಮೂರು ಪಾವಟಿಗೆ ಏರುವಷ್ಟರಲ್ಲಿ ಕಾಲಿಗೆ ಎತ್ತರ ರೂಢಿಯಾಗುತ್ತದೆ. ಆಮೇಲೆ ಕಣ್ಣು ನೋಡುವುದಿಲ್ಲ, ಕಾಲೇ ಲೆಕ್ಕ ಹಾಕುತ್ತದೆ. ನಡುವೆ ಒಂದು ಬೇರೆಯಾದರೂ ಮುಗ್ಗರಿಸುತ್ತೇವೆ.

306ನ್ನು 18ರಿಂದ ಭಾಗಿಸಿದಳು. ಸರಿಯಾಗಿ 17! ಹೆಜ್ಜೆ 62 ಎಂದು ಹಿಡಿದು 34 ಕಳೆದರೆ ಕಾಲಿಡುವ ಜಾಗ 28. ಮನೆಗಳ ಪಾವಟಿಗೆ 19 ಸೆಂ.ಮೀ.ಗಿಂತ ಎತ್ತರ ಇರಬಾರದು, ಕಾಲಿಡುವ ಜಾಗ 25ಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ. ಎರಡೂ ಕೂಡಿಬಂತು.

“ಹದಿನೆಂಟು ಇಪ್ಪತ್ತೆಂಟ್ಲೆ 504. ಅಂಗಳದಾಗ ಜಾಗಾ ಇರೂದು 480. ಸಾಲೂದಿಲ್ಲವಾ” ಅಂದೆ.

ಅವಳು ನಕ್ಕಳು. “ಅಜ್ಜಾ, ಹದಿನೆಂಟನೇ ಸಲ ಕಾಲಿಡೂದು ಮಾಳಿಗಿ ಮ್ಯಾಲ. ಅಂಗಳದಾಗ ಹದಿನೇಳ ಸಾಕು.” ಹದಿನೇಳು ಇಪ್ಪತ್ತೆಂಟ್ಲೆ 476. ನಾಲ್ಕು ಸೆಂ.ಮೀ. ಮಿಕ್ಕಿತು!

ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿಸಿದೆವು. ಕೋನ ಸುಮಾರು 31 ಡಿಗ್ರಿಗೆ ಇಳಿಯಿತು. ಆರು ಪಾವಟಿಗೆ ಹೆಚ್ಚಾದವು, ಏರುವುದು ಹಗುರಾಯಿತು. ಮಳೆಗಾಲಕ್ಕೆ ಮೊದಲೇ ನನ್ನ ಹೆಂಡತಿ ಮೆಣಸಿನಕಾಯಿ ಬುಟ್ಟಿ ಮೊಮ್ಮಗಳ ಕೈಗೆ ಕೊಟ್ಟು, ತಾನು ಕಟಾಂಜನ ಹಿಡಿದು ಮಾಳಿಗೆ ಹತ್ತಿದಳು.

ಮಕ್ಕಳೇ, ನಿಮ್ಮ ಮನೆಯ ಪಾವಟಿಗೆಯನ್ನೂ ಅಳೆದು ನೋಡಿ. ಅಜ್ಜ ಅಜ್ಜಿ ಹತ್ತುವುದನ್ನು ಬಿಟ್ಟಿದ್ದರೆ, ಕಾರಣ ಮೊಣಕಾಲೋ ಲೆಕ್ಕವೋ ಗೊತ್ತಾಗುತ್ತದೆ.