ಕಛೇರಿ ಬಿಟ್ಟ ಮೇಲಿನ ಹೊತ್ತು

ಸಂಜೆ ಎಸ್ಪ್ಲನೇಡಿನ ಮೆಟ್ರೋ ಮೆಟ್ಟಿಲ ಬಳಿ ನಿಂತರೆ ಕಲ್ಕತ್ತೆಯೆಲ್ಲ ಒಮ್ಮೆಗೇ ಮನೆಗೆ ಹೊರಟಂತೆ ತೋರುತ್ತದೆ. ಊರು ಬಿಟ್ಟು ಬಂದ ನಾವೂ ಆ ನೂಕುನುಗ್ಗಲಿನಲ್ಲಿ ಸೇರಿ, ಕೆಲಸವುಂಟು, ಸಂಬಳವುಂಟು, ಆದರೂ ಮನಸ್ಸಿಗೇಕೋ ನೆಮ್ಮದಿಯಿಲ್ಲವೆಂದು ಗೊಣಗಿಕೊಳ್ಳುತ್ತೇವೆ. ಆಗೆಲ್ಲ ನಮಗೆ ನೆನಪಾಗುವುದು ಇಲ್ಲಿಂದ ನಡೆದೇ ಹೋಗಬಹುದಾದ ಬೌಬಜಾರ್ ಬೀದಿಯ 210ನೆಯ ನಂಬರಿನ ಮನೆ.

1907ರಲ್ಲಿ ಹದಿನೆಂಟು ವಯಸ್ಸಿನ ಸಿ. ವಿ. ರಾಮನ್ ಹಣಕಾಸು ಇಲಾಖೆಯ ಅಧಿಕಾರಿಯಾಗಿ, ಹೊಸದಾಗಿ ಕೈಹಿಡಿದ ಲೋಕಸುಂದರಿಯವರೊಡನೆ ಈ ಊರಿಗೆ ಬಂದರು. ನಮ್ಮಂತೆಯೇ ದಕ್ಷಿಣದಿಂದ ನೌಕರಿಗೆಂದು ಬಂದವರು. ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಆ ಮನೆಯ ಮೇಲಿನ ಫಲಕ ಕಣ್ಣಿಗೆ ಬಿತ್ತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘವದು. ರಾಮನ್ ಹೋಗಿ ಬಾಗಿಲು ತಟ್ಟಿದರು. ಬಾಗಿಲು ತೆರೆದವರು ಅಲ್ಲಿನ ಸಹಾಯಕ ಆಶುತೋಷ ಡೇ.

ಅಂದಿನಿಂದ ನಸುಕಿನಲ್ಲಿ ಪ್ರಯೋಗಶಾಲೆ, ಹಗಲು ಸರ್ಕಾರದ ಲೆಕ್ಕಪತ್ರ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದದ್ದನ್ನು ಬಿಟ್ಟರೆ ಹತ್ತು ವರ್ಷ ಹೀಗೆಯೇ ಕಳೆಯಿತು. ಆ ದುಡಿಮೆಗೆ ಯಾರೂ ಬಡ್ತಿ ಕೊಡುವಂತಿರಲಿಲ್ಲ. "ಅಲ್ಲಾ, ಆ ಹೆಣ್ಣುಮಗಳು ಪರಊರಿನಲ್ಲಿ ಒಬ್ಬಳೇ ಕಾದು ಕೂತಿರಬೇಕಿತ್ತಲ್ಲ!" ಎಂದು ನಮ್ಮ ಮನೆಯಾಕೆ ಆಕ್ಷೇಪಿಸುತ್ತಾರೆ. ನ್ಯಾಯವಾದ ಮಾತೇ, ನಮ್ಮಲ್ಲಿ ಉತ್ತರವಿಲ್ಲ.

1917ರಲ್ಲಿ ಆಶುತೋಷ ಮುಖರ್ಜಿಯವರು ಕರೆದರೆಂದು ವಿಶ್ವವಿದ್ಯಾಲಯದ ಪಾಲಿತ್ ಪೀಠಕ್ಕೆ ಬಂದಾಗ ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 1928ರ ಫೆಬ್ರವರಿ 28ರಂದು ಅದೇ ಬೌಬಜಾರಿನಲ್ಲಿ ರಾಮನ್ ಪರಿಣಾಮ ಕಂಡಿತು, 1930ರಲ್ಲಿ ನೊಬೆಲ್. ಅದು ಎಲ್ಲರಿಗೂ ತಿಳಿದದ್ದು. ನಮಗೆ ಹೆಚ್ಚಾಗಿ ಕಾಡುವವರು ಆಶುಬಾಬು. ಕಾಲೇಜಿನ ಮೆಟ್ಟಿಲು ಹತ್ತದ ಆತ ವರ್ಷಾನುಗಟ್ಟಲೆ ಉಪಕರಣಗಳನ್ನು ಹೊಂದಿಸಿಕೊಡುತ್ತ ಜೊತೆಗೇ ದುಡಿದರು. ಬಹುಮಾನದ ಆಸೆಗೆ ಯಾರಾದರೂ ಅಷ್ಟು ವರ್ಷ ಹಾಗೆ ದುಡಿದಾರೆಯೇ?

1933ರಲ್ಲಿ ರಾಮನ್ ನಮ್ಮ ಬೆಂಗಳೂರಿಗೆ ಬಂದು ಅಲ್ಲಿಯವರೇ ಆಗಿಹೋದರು. 1970ರಲ್ಲಿ ತಾವೇ ಕಟ್ಟಿದ ಸಂಶೋಧನ ಸಂಸ್ಥೆಯ ತೋಟದಲ್ಲೇ ಮಣ್ಣಾದರು.

ಕಳೆದ ಭಾನುವಾರ ಮಕ್ಕಳನ್ನು ಕರೆದುಕೊಂಡು ಬೌಬಜಾರಿಗೆ ಹೋಗಿದ್ದೆವು. ಬೀದಿಗೆ ಈಗ ಬಿಪಿನ್ ಬಿಹಾರಿ ಗಾಂಗೂಲಿಯವರ ಹೆಸರು. ಸಂಘ ಎಂದೋ ಜಾದವಪುರಕ್ಕೆ ಹೋಗಿದೆ. 210ರಲ್ಲಿರುವುದು ವಾಣಿಜ್ಯ ಕಾಲೇಜು. "ಅವರು ಬಾಗಿಲು ತಟ್ಟಿದ್ದು ಇಲ್ಲೇನಾ, ಅಪ್ಪಾ?" ಎಂದು ಕಿರಿಯವಳು ಕೇಳಿ, ಮುಚ್ಚಿದ್ದ ಗೇಟನ್ನು ತಾನೂ ಒಮ್ಮೆ ತಟ್ಟಿದಳು.