ಇ-ಮೇಲ್ ಎಲ್ಲಿ ಉಳಿಯಬೇಕು? ಪಾಪ್3 ಮತ್ತು ಐಮ್ಯಾಪ್: ವ್ಯಾಪಾರಿಗಳ ಆಯ್ಕೆ

ಖರೀದಿ ಆದೇಶ, ಸರಕುಪಟ್ಟಿ, ಬ್ಯಾಂಕಿನ ಸೂಚನೆ ಮುಂತಾದವು ಇಂದು ಇ-ಮೇಲ್ ಮೂಲಕವೇ ಬರುತ್ತವೆ. ವಿಜಯಪುರ ನಗರದಲ್ಲಿ ಕಚೇರಿ, ತಿಕೋಟಾದಲ್ಲಿ ಒಣದ್ರಾಕ್ಷಿ ಘಟಕ, ಬಬಲೇಶ್ವರದಲ್ಲಿ ಖರೀದಿ ಕೇಂದ್ರ ಹೊಂದಿರುವ ಸಂಸ್ಥೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೂರೂ ಕಡೆ ತೆರೆಯುವ ಇ-ಮೇಲ್ ವಿಳಾಸ ಒಂದೇ. ಥಂಡರ್‌ಬರ್ಡ್‌ನಂತಹ ತಂತ್ರಾಂಶವನ್ನು ಅಳವಡಿಸುವಾಗ ‘ಪಾಪ್3 ಅಥವಾ ಐಮ್ಯಾಪ್’ ಎಂಬ ಆಯ್ಕೆ ಎದುರಾಗುತ್ತದೆ. ಅನೇಕರು ಇದನ್ನು ಕಂಪ್ಯೂಟರ್ ಜೋಡಿಸುವವರಿಗೇ ಬಿಟ್ಟುಬಿಡುತ್ತಾರೆ. ವಾಸ್ತವದಲ್ಲಿ ಇದು ದಫ್ತರದ ಸುರಕ್ಷತೆಗೆ ಸಂಬಂಧಿಸಿದ ನಿರ್ಧಾರವಾಗಿದೆ.

ಎರಡರ ವ್ಯತ್ಯಾಸ

ಪಾಪ್3 ಪದ್ಧತಿಯು ಅಂಚೆ ಕಚೇರಿಯಿಂದ ಪತ್ರಗಳನ್ನು ಮನೆಗೆ ಒಯ್ದಂತೆ. ಪತ್ರಗಳು ಕಂಪ್ಯೂಟರಿಗೆ ಇಳಿದ ನಂತರ ಸರ್ವರ್‌ನಿಂದ ಅಳಿಸಿಹೋಗುವುದು ಇದರ ಮೂಲ ಕ್ರಮ. ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂಬ ಸೂಚನೆ ನೀಡದಿದ್ದಲ್ಲಿ, ತಿಕೋಟಾದಲ್ಲಿ ಇಳಿದ ಆದೇಶ ವಿಜಯಪುರದ ಕಚೇರಿಗೆ ಕಾಣದೇ ಹೋಗಬಹುದು. ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟರೆ ಪತ್ರವೂ ನಷ್ಟವಾಗುತ್ತದೆ.

1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್‌ನಲ್ಲಿ ಮೂಲ ಪತ್ರಗಳು ಸರ್ವರ್‌ನಲ್ಲೇ ಉಳಿಯುತ್ತವೆ. ಓದಿದ ಗುರುತು, ಕಡತಗಳ ವಿಂಗಡಣೆ ಎಲ್ಲ ಕಡೆಯೂ ಒಂದೇ ರೀತಿ ಕಾಣುತ್ತವೆ. ಆದರೆ ಬಬಲೇಶ್ವರದ ಗುಮಾಸ್ತರು ಕೈತಪ್ಪಿ ಅಳಿಸಿದ ಪತ್ರ ಮೂರೂ ಕಡೆ ಮಾಯವಾಗುತ್ತದೆ. ಆದ್ದರಿಂದ ಐಮ್ಯಾಪ್ ಇದ್ದ ಮಾತ್ರಕ್ಕೆ ಪ್ರತ್ಯೇಕ ಬ್ಯಾಕಪ್ ಇದ್ದಂತಾಗುವುದಿಲ್ಲ. ಸ್ಥಳದ ಮಿತಿಯೂ ಉಂಟು. ಜಿಮೇಲ್‌ನ ಉಚಿತ 15 ಜಿಬಿ ಡ್ರೈವ್ ಮತ್ತು ಫೋಟೋಗಳಿಗೂ ಸೇರಿದ್ದು.

ಕಾನೂನಿನ ಅಗತ್ಯ

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 36ನೆಯ ಕಲಮಿನಂತೆ, ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಇಲೆಕ್ಟ್ರಾನಿಕ್ ದಾಖಲೆಗಳು ಅಪಘಾತದಿಂದ ನಾಶವಾದರೂ ಸಮಂಜಸ ಅವಧಿಯಲ್ಲಿ ಮರಳಿ ದೊರೆಯುವಂತೆ ಬ್ಯಾಕಪ್ ಇರಬೇಕೆಂದು ಅದರ ನಿಯಮ 57 ವಿಧಿಸುತ್ತದೆ. ಸರಕುಪಟ್ಟಿಯು ಇ-ಮೇಲ್‌ನಲ್ಲಿ ಮಾತ್ರ ಇದ್ದಲ್ಲಿ ಆ ಇ-ಮೇಲ್ ಕೂಡ ದಫ್ತರದ ಭಾಗವೇ. ಕಂಪನಿಗಳಿಗೆ 2013ರ ಕಂಪನಿ ಅಧಿನಿಯಮದಂತೆ ಈ ಅವಧಿ ಸಾಮಾನ್ಯವಾಗಿ 8 ಆರ್ಥಿಕ ವರ್ಷಗಳು.

ಅನುಸರಿಸಬಹುದಾದ ಕ್ರಮ

1. ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ಮೊಬೈಲ್ ಇದ್ದಲ್ಲಿ ಐಮ್ಯಾಪ್ ಸೂಕ್ತ.

2. ಒಂದೇ ಕಂಪ್ಯೂಟರ್ ಹಾಗೂ ಸರ್ವರ್‌ನಲ್ಲಿ ಕಡಿಮೆ ಸ್ಥಳ ಇರುವವರಿಗೆ ಪಾಪ್3 ಸಾಕು. ಆದರೆ ಕನಿಷ್ಠ 30 ದಿನ ಸರ್ವರ್‌ನಲ್ಲಿ ಪ್ರತಿ ಉಳಿಯುವಂತೆ ಸೂಚಿಸಬೇಕು.

3. ಯಾವುದನ್ನೇ ಆರಿಸಿದರೂ ಗೂಢಲಿಪಿಯ ಸಂಪರ್ಕ ಬಳಸಬೇಕು: ಪಾಪ್3ಗೆ ಪೋರ್ಟ್ 995, ಐಮ್ಯಾಪ್‌ಗೆ 993.

4. ತಿಂಗಳಿಗೊಮ್ಮೆ ಪತ್ರಗಳನ್ನು ಬೇರೊಂದು ಡಿಸ್ಕ್‌ಗೆ ನಕಲಿಸಿ, ಅದನ್ನು ಬೇರೆ ಕಟ್ಟಡದಲ್ಲಿ ಇಡಬೇಕು.

ಈ ಏರ್ಪಾಡಿಗೆ ತಗಲುವ ವೆಚ್ಚ ಒಂದು ಡಿಸ್ಕ್‌ನ ಬೆಲೆ ಮಾತ್ರ. ತೆರಿಗೆ ಪರಿಶೀಲನೆಯ ದಿನ ಸರಕುಪಟ್ಟಿ ತೋರಿಸಲಾಗದಿದ್ದಲ್ಲಿ, ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನೇ ಕಳೆದುಕೊಳ್ಳುವ ಸಂಭವವಿದೆ.