ಹೊಲಕ್ಕೆ ಮರಳಿದ ಹಳೆಯ ಟ್ರ್ಯಾಕ್ಟರು

ಕೊಳ್ಳೇಗಾಲದಿಂದ ಮಧುವನಹಳ್ಳಿ, ಕಾಮಗೆರೆಗಳ ಮಾರ್ಗವಾಗಿ ಹನೂರಿನ ಕಡೆಗೆ ಪ್ರಯಾಣ ಮಾಡುವವರು ರಸ್ತೆಯ ಇಕ್ಕೆಲಗಳನ್ನು ಗಮನಿಸಿದರೆ ಒಂದು ನೋಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹುಣಿಸೆ ಮರದ ಕೆಳಗೋ, ಕಣದ ಮೂಲೆಯಲ್ಲೋ, ಬೇಲಿಯ ಬಳ್ಳಿಗಳ ನಡುವೆಯೋ ತುಕ್ಕು ಹಿಡಿದು ನಿಂತ ಹಳೆಯ ಟ್ರ್ಯಾಕ್ಟರು. ಅದರ ಹಿಂದಿನ ಚಕ್ರಕ್ಕೆ ಕರುವನ್ನು ಕಟ್ಟಿರುತ್ತಾರೆ. ಚಾಲಕನ ಆಸನದಲ್ಲಿ ಕೋಳಿ ಮೊಟ್ಟೆಯಿಡುತ್ತದೆ. ಒಂದು ಕಾಲದಲ್ಲಿ ಊರಿಗೆ ಊರೇ ನೆರೆದು ಸ್ವಾಗತಿಸಿದ ಯಂತ್ರ ಈಗ ಗುಜರಿಯವನ ತಕ್ಕಡಿಗಾಗಿ ಕಾಯುತ್ತಿರುತ್ತದೆ.

ಇಂತಹ ಯಂತ್ರವನ್ನು ರಿಪೇರಿ ಮಾಡಿಸುವುದು ಜಾಣತನವೋ, ಇಲ್ಲವೇ ಬಂದಷ್ಟು ಬರಲಿ ಎಂದು ಮಾರಿಬಿಡುವುದು ಜಾಣತನವೋ ಎಂಬ ಪ್ರಶ್ನೆಯನ್ನು ನಮ್ಮ ಕುಟುಂಬಗಳಲ್ಲಿ ಹಲವರು ಕೇಳುತ್ತಾರೆ. ಗುರುಗಳನ್ನು ಕೇಳುವ ಪ್ರಶ್ನೆಯೇ ಇದು ಎಂದು ಪಟ್ಟಣದ ವಾಚಕರು ನಗಬಹುದು. ಹಳ್ಳಿಯ ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸಿದವರು ನಗುವುದಿಲ್ಲ.

ನಮ್ಮ ಸೀಮೆಗೆ ಟ್ರ್ಯಾಕ್ಟರು ಬಂದದ್ದು ತೀರಾ ಹಿಂದಿನ ಮಾತಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಇಲ್ಲಿನ ಕೆಂಪು ಮಣ್ಣನ್ನು ಉಳುತ್ತಿದ್ದವು ಆಲಂಬಾಡಿ, ಬರಗೂರು, ಹಳ್ಳಿಕಾರ್ ತಳಿಗಳ ಎತ್ತುಗಳು. ಸುತ್ತಲಿನ ಕಾಡು ಅವುಗಳ ಮೇವಿನ ಕಣಜವಾಗಿತ್ತು. ಭಾರತದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರು ಐಷರ್ ಕಂಪನಿಯದು. 1959ರಲ್ಲಿ ಫರೀದಾಬಾದಿನ ಕಾರ್ಖಾನೆಯಿಂದ ಹೊರಬಂದಿತು. ಮರುವರ್ಷವೇ ಮದ್ರಾಸಿನಲ್ಲಿ ಟಾಫೆ ಸ್ಥಾಪನೆಯಾಯಿತು. 1971ರ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯೂ ಈ ಕ್ಷೇತ್ರಕ್ಕೆ ಇಳಿಯಿತು. ಭೂ ಅಭಿವೃದ್ಧಿ ಬ್ಯಾಂಕುಗಳ ಸಾಲದ ನೆರವಿನಿಂದ ಟ್ರ್ಯಾಕ್ಟರು ಸಾಮಾನ್ಯ ರೈತನ ಮನೆಯಂಗಳವನ್ನೂ ತಲುಪಿತು. ಸುವರ್ಣಾವತಿಯ ನೀರು ಕಾಣುವ ಯಳಂದೂರಿನ ಗದ್ದೆಗಳಲ್ಲಿ ಅದಕ್ಕೆ ಒಂದು ಬಗೆಯ ಕೆಲಸ. ಮಳೆಯನ್ನೇ ನಂಬಿದ ಹನೂರಿನ ಹೊಲಗಳಲ್ಲಿ ಇನ್ನೊಂದು ಬಗೆಯದು. ಈ ವ್ಯತ್ಯಾಸವೇ ಈ ಲೇಖನದ ಜೀವಾಳ. ಅದನ್ನು ಮುಂದೆ ವಿವರಿಸುತ್ತೇವೆ.

ಎಚ್.ಎಂ.ಟಿ. ಎಂದೊಡನೆ ಎಲ್ಲರಿಗೂ ಕೈಗಡಿಯಾರ ನೆನಪಾಗುತ್ತದೆ. ಆದರೆ 1953ರಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದು ಸ್ಥಾಪನೆಯಾದ ಈ ಸರ್ಕಾರಿ ಸಂಸ್ಥೆ, ಚೆಕೊಸ್ಲೊವಾಕಿಯದ ಜೆಟರ್ ಕಂಪನಿಯ ಸಹಯೋಗದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರುಗಳನ್ನು ತಯಾರಿಸಿತು. ಅವುಗಳಲ್ಲಿ ಮೊದಲನೆಯದು 25 ಅಶ್ವಶಕ್ತಿಯ, ಎರಡು ಸಿಲಿಂಡರಿನ 2511 ಮಾದರಿ. ಹಳ್ಳಿಯ ಬಾಯಲ್ಲಿ ಅದು ಬರಿಯ 'ಜೆಟರ್' ಅಥವಾ 'ಎಚ್ಚೆಂಟಿ'. ಆ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಒಪ್ಪಿಗೆ ನೀಡಿತು. ಹೆತ್ತ ಕಾರ್ಖಾನೆ ಕಣ್ಮುಚ್ಚಿದ ಮೇಲೂ ಅದರ ಮಕ್ಕಳು ಅಲ್ಲಲ್ಲಿ ಉಳಿದುಕೊಂಡಿವೆ. ಹನೂರಿನ ಕಡೆಯ ಒಂದು ಕುಟುಂಬದ ಹುಣಿಸೆ ಮರದ ಕೆಳಗೆ ಹತ್ತು ವರ್ಷಕ್ಕೂ ಮಿಗಿಲಾಗಿ ನಿಂತಿದ್ದದ್ದು ಇಂತಹುದೇ ಒಂದು.

ಮನೆಯ ಯಜಮಾನರು ತೀರಿಕೊಂಡ ವರ್ಷ ಅದು ಅಲ್ಲಿ ನಿಂತಿತು. ಮಗನು ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ದುಡಿಯಲು ಹೋದನು. ಎತ್ತುಗಳು ಅದಕ್ಕೂ ಮೊದಲೇ ಮಾರಾಟವಾಗಿದ್ದವು. ತಾಯಿ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿಸಿ, ರಾಗಿ, ಅವರೆ, ತೊಗರಿಗಳನ್ನು ಬಿತ್ತಿಸಿ ಕಾಲ ತಳ್ಳುತ್ತಿದ್ದರು. ಮಗನು ಹೆಂಡತಿ ಮಕ್ಕಳೊಡನೆ ಊರಿಗೆ ಮರಳಿದಾಗ ಗುಜರಿ ವ್ಯಾಪಾರಿ ಬಂದು ಬೆಲೆ ಹೇಳಿದ್ದನು. ಮನೆ ಆಶೀರ್ವಾದಕ್ಕೆಂದು ನಾವು ಹೋದ ದಿನ ಆ ವ್ಯವಹಾರವೇ ಚರ್ಚೆಯಲ್ಲಿತ್ತು.

"ಕೊಡಬ್ಯಾಡ ಅಂತ ನಾನು ಅಳ್ತಾ ಕುಂತಿಲ್ಲ ಸ್ವಾಮ್ಯೋರೆ, ಕಬ್ಬಿಣಕ್ಯಾಕ ಅಳೋದು? ಮಳ ಬಿದ್ದ ದಿನ ನನ್ ಹೊಲಕ್ಕ ಯಾರು ಬತ್ತಾರ, ಅದ ಹೇಳಿ" ಎಂದರು ಆ ತಾಯಿ.

ಈ ಮಾತಿನಲ್ಲಿ ಇಡೀ ಸಮಸ್ಯೆ ಅಡಗಿದೆ. ಕಾಲುವೆಯ ನೀರಿರುವಲ್ಲಿ ಉಳುಮೆ ಎರಡು ದಿನ ತಡವಾದರೆ ದೊಡ್ಡ ನಷ್ಟವೇನಿಲ್ಲ. ಆದರೆ ಹನೂರಿನ ಹೊಲದಲ್ಲಿ ಹದಮಳೆ ಬಿದ್ದ ಮೇಲೆ ಮಣ್ಣಿನ ಹಸಿ ಎರಡು ಮೂರು ದಿನ ನಿಂತರೆ ಹೆಚ್ಚು. ಅಷ್ಟರೊಳಗೆ ನೇಗಿಲು ಇಳಿಯಬೇಕು. ಬಾಡಿಗೆ ಟ್ರ್ಯಾಕ್ಟರಿನವರಿಗೆ ಅದೇ ಎರಡು ಮೂರು ದಿನಗಳಲ್ಲಿ ಊರಿನ ಎಲ್ಲರಿಂದ ಕರೆ ಬರುತ್ತದೆ. ಉದ್ದನೆಯ ಸಾಲುಗಳಿರುವ ದೊಡ್ಡ ಹೊಲದಲ್ಲಿ ಯಂತ್ರ ತಿರುಗುವುದು ಕಡಿಮೆ, ಉಳುವುದು ಹೆಚ್ಚು. ಒಂದೆರಡು ಎಕರೆಯ, ಮೂಲೆ ಮುಡುಕಿನ, ಬಂಡೆಗಳ ನಡುವಿನ ಹೊಲದಲ್ಲಿ ಇದು ತಿರುವುಮುರುವು. ಆದ್ದರಿಂದ ಅವರು ಮೊದಲು ದೊಡ್ಡ ಹೊಲಕ್ಕೇ ಹೋಗುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಡೀಸೆಲಿನ ಲೆಕ್ಕ ಅವರಿಗೂ ಇದೆ. ಚಿಕ್ಕ ಹಿಡುವಳಿದಾರನ ಸರದಿ ಬರುವ ವೇಳೆಗೆ ಮಣ್ಣು ಒಣಗಿ ಹೆಂಟೆಯಾಗಿರುತ್ತದೆ, ಅಷ್ಟೆ. ಇಂತಹ ಹೊಲಕ್ಕೆ ಐವತ್ತು ಅಶ್ವಶಕ್ತಿಯ ಹೊಸ ಯಂತ್ರದ ಅಗತ್ಯವಿಲ್ಲ. ಅದರ ಕಂತು ಕಟ್ಟುವ ಶಕ್ತಿಯೂ ಆ ಮನೆಗಿಲ್ಲ. ಐದು ಹಲ್ಲಿನ ಕಲ್ಟಿವೇಟರನ್ನು ಎಳೆದುಕೊಂಡು ಸಕಾಲದಲ್ಲಿ ಅಲ್ಲಿರುವ 25 ಅಶ್ವಶಕ್ತಿ ಧಾರಾಳವಾಯಿತು.

ನಮ್ಮ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರು ಕೊಳ್ಳೇಗಾಲದಲ್ಲಿದ್ದಾರೆ. ಹಳೆಯ ಎಂಜಿನುಗಳ ವಿಷಯದಲ್ಲಿ ಅವರ ಕೈಗುಣ ದೊಡ್ಡದು. ಅವರನ್ನು ಕರೆತಂದದ್ದಷ್ಟೇ ನಮ್ಮ ಪಾಲಿನ ಸೇವೆ. ಬಂದವರು ಮೊದಲು ಮಾಡಿದ ಕೆಲಸವೆಂದರೆ, ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯಲು ಸಿದ್ಧನಾಗಿದ್ದ ಮಗನ ಕೈಹಿಡಿದು ನಿಲ್ಲಿಸಿದ್ದು. ಬಹುಕಾಲ ನಿಂತ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದರೆ ಅಂಟಿಕೊಂಡ ಉಂಗುರಗಳು ಮುರಿಯುತ್ತವೆ, ವಾಲ್ವುಗಳು ಬಾಗುತ್ತವೆ. ಸೈಲೆನ್ಸರಿನ ಬಾಯಿಗೆ ಯಾರೂ ಡಬ್ಬ ಮುಚ್ಚಿರಲಿಲ್ಲ. ಮಳೆಯ ನೀರು ಒಳಗಿಳಿದು ಒಂದು ಪಿಸ್ಟನ್ ಜಾಮ್ ಆಗಿತ್ತು. ನಾಜಲುಗಳನ್ನು ಬಿಚ್ಚಿ, ಆ ರಂಧ್ರಗಳ ಮೂಲಕ ಡೀಸೆಲು ಮತ್ತು ಎಂಜಿನ್ ಎಣ್ಣೆಯ ಮಿಶ್ರಣವನ್ನು ಸಿಲಿಂಡರಿಗೆ ಸುರಿದು, "ಒಂಬತ್ತು ದಿನ ಯಾರೂ ಮುಟ್ಟಬೇಡಿ" ಎಂದು ಹೇಳಿ ಅವರು ಹೊರಟುಹೋದರು. ಮೇಸ್ತ್ರಿಗಳು ಕ್ರೈಸ್ತರಲ್ಲ, ಆದರೂ ನವೇನದ ಲೆಕ್ಕವನ್ನೇ ಹೇಳಿದರೆಂದು ಮನೆಯವರಿಗೆ ಸಂತೋಷವಾಯಿತು.

ಒಂಬತ್ತನೆಯ ದಿನ ಮೇಲಿನ ಗೇರಿಗೆ ಹಾಕಿ, ಹಿಂದಿನ ದೊಡ್ಡ ಚಕ್ರವನ್ನು ನಾಲ್ವರು ಸೇರಿ ಹಿಂದಕ್ಕೂ ಮುಂದಕ್ಕೂ ಅಲುಗಿಸಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಫ್ಯಾನು ಒಂದು ಗೇಣು ತಿರುಗಿತು. ಆ ಗೇಣಿನ ಮೇಲೆ ಉಳಿದ ಕೆಲಸವೆಲ್ಲ ನಿಂತಿತ್ತು.

ಹೆಡ್ಡನ್ನು ಬಿಚ್ಚಿದರು. ಪಿಸ್ಟನ್ ಕೆಟ್ಟಿತ್ತು, ಲೈನರುಗಳೂ ಸವೆದಿದ್ದವು. ಈ ಎಂಜಿನ್ನಿನ ಲೈನರು ಬಿಡಿಯಾಗಿ ಹೊರಬರುವ ಕೊಳವೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದು. ಮುಚ್ಚಿಹೋದ ಕಂಪನಿಯ ಬಿಡಿಭಾಗ ಎಲ್ಲಿ ಸಿಗುತ್ತದೆಂದು ನಮಗೆ ಚಿಂತೆಯಿತ್ತು. ಮೇಸ್ತ್ರಿಗಳಿಗೆ ಇರಲಿಲ್ಲ. ಸಾವಿರಾರು ಯಂತ್ರಗಳು ಇನ್ನೂ ಓಡುತ್ತಿರುವವರೆಗೆ ಅವಕ್ಕೆ ಬೇಕಾದುದನ್ನು ತಯಾರಿಸುವ ಸಣ್ಣ ಕಾರ್ಖಾನೆಗಳೂ ಇರುತ್ತವೆ ಎಂಬುದು ಅವರ ಅನುಭವ. ಪಾರ್ಸೆಲು ಬರಲು ಎರಡು ವಾರ ಹಿಡಿಯಿತು. ಡೀಸೆಲ್ ಪಂಪನ್ನು ಮಾತ್ರ ಅವರು ತಾವು ಮುಟ್ಟದೆ ಮೈಸೂರಿನ ಪಂಪಿನ ಅಂಗಡಿಗೆ ಕಳುಹಿಸಿದರು. ಕೂದಲೆಳೆಗಿಂತ ನವಿರಾದ ಅಳತೆಯಲ್ಲಿ ಕೂರುವ ಭಾಗಗಳವು. ಪರೀಕ್ಷಿಸುವ ಯಂತ್ರವಿಲ್ಲದೆ ಬಿಚ್ಚಬಾರದು. ಬೆಂಗಳೂರಿನ ಮೈಕೋ ಕಾರ್ಖಾನೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ, ಮೇಸ್ತ್ರಿಗಳ ಬಾಯಲ್ಲಿ ಆ ಪಂಪು ಇಂದಿಗೂ 'ಮೈಕೋ ಪಂಪು'.

ಉಳಿದದ್ದು ಶುಚಿ ಮಾಡುವ ಕೆಲಸ. ಗಾಳಿಯ ಫಿಲ್ಟರಿನಲ್ಲಿ ಇಲಿ ಸಂಸಾರ ಹೂಡಿತ್ತು. ಟ್ಯಾಂಕಿನ ತಳದಲ್ಲಿ ಕೊಬ್ಬಿನಂತಹ ಗಸಿ. ತುಕ್ಕಿನಿಂದ ಅಂಟಿಕೊಂಡ ಕ್ಲಚ್ ಪ್ಲೇಟನ್ನು ಬಿಡಿಸಬೇಕಾಯಿತು. ಸಂಪಿನ ಎಣ್ಣೆಯಲ್ಲಿ ನೀರು ಸೇರಿ ಮಜ್ಜಿಗೆಯ ಬಣ್ಣ ಬಂದಿತ್ತು.

ಮೇ 1ರಂದು, 1955ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಸ್ಥಾಪಿಸಿದ ಶ್ರಮಿಕರಾದ ಸಂತ ಜೋಸೆಫರ ಹಬ್ಬದ ದಿನ, ಟ್ರ್ಯಾಕ್ಟರನ್ನು ಆಶೀರ್ವದಿಸಬೇಕೆಂಬುದು ಆ ತಾಯಿಯ ಇಚ್ಛೆ. ಅದು ಭರಣಿ ಮಳೆಯ ಕಾಲವೂ ಹೌದು. ಆದರೆ ಪಂಪು ಮೈಸೂರಿನಿಂದ ಹಿಂದಿರುಗಿರಲಿಲ್ಲ. ಹಬ್ಬವೂ ಕಳೆಯಿತು, ಭರಣಿಯ ಒಂದು ಒಳ್ಳೆಯ ಮಳೆಯೂ ಉಳುಮೆಯಿಲ್ಲದೆ ಕಳೆಯಿತು.

ಪಂಪು ಬಂದ ಮೇಲೆ ಇಂಧನದ ಕೊಳವೆಗಳಿಂದ ಗಾಳಿ ತೆಗೆಯುವ ಕೆಲಸ. ಡೀಸೆಲ್ ಎಂಜಿನ್ನಿಗೆ ಕೊಳವೆಯಲ್ಲಿ ಸಿಕ್ಕಿಕೊಂಡ ಒಂದಿಷ್ಟು ಗಾಳಿಯೂ ಶತ್ರು. ಫಿಲ್ಟರಿನ ತಿರುಪು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪು ಒತ್ತಿದರು. ಒಬ್ಬ ಹುಡುಗನನ್ನು ಹಲಗೆಯ ತುಂಡಿನೊಡನೆ ಗಾಳಿ ಒಳಹೋಗುವ ಕೊಳವೆಯ ಬಳಿ ನಿಲ್ಲಿಸಿದರು. ಏಕೆಂದು ವಿಚಾರಿಸಿದೆವು. ರಿಪೇರಿಯಾದ ಎಂಜಿನ್ ಒಮ್ಮೊಮ್ಮೆ ಹತೋಟಿ ತಪ್ಪಿ ವೇಗ ಏರಿಸಿಕೊಳ್ಳುತ್ತದೆ. ಆಗ ಗಾಳಿಯ ಬಾಯಿ ಮುಚ್ಚಿದರೆ ನಿಲ್ಲುತ್ತದೆ, ಆದರೆ ಕೈಯಿಂದ ಮುಚ್ಚಬಾರದು ಎಂದರು. ಅಂತಹುದೇನೂ ಆಗಲಿಲ್ಲ. ಮೂರು ಬಾರಿ ಕೆಮ್ಮಿ, ಬಿಳಿ ಹೊಗೆ ಉಗುಳಿ, ನಾಲ್ಕನೆಯ ಬಾರಿಗೆ ಹಿಡಿಯಿತು. ಮನೆಯವರೆಲ್ಲ ಹೊಗೆ ನೋಡುತ್ತಿದ್ದರೆ ಮೇಸ್ತ್ರಿಗಳ ಕಣ್ಣು ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೇಲಿತ್ತು. ಅದು ಮೇಲೆದ್ದ ಅನಂತರವೇ ಅವರು ಬೀಡಿ ಹಚ್ಚಿದ್ದು.

ಗುರುವಿದ್ಯಾಮಂದಿರದಲ್ಲಿ ತತ್ತ್ವಶಾಸ್ತ್ರ ಓದಿದ ನಮಗೆ ಇಲ್ಲೊಂದು ಹಳೆಯ ಜಿಜ್ಞಾಸೆ ನೆನಪಾಗದಿರಲಿಲ್ಲ. ವೀರ ಥೀಸಿಯಸನ ಹಡಗನ್ನು ಅಥೆನ್ಸಿನ ಜನರು ಕಾಪಾಡಿಕೊಂಡು ಬಂದ ಬಗೆಯನ್ನು ಪ್ಲುಟಾರ್ಕ್ ಬರೆದಿದ್ದಾನೆ. ಕೊಳೆತ ಹಲಗೆ ತೆಗೆದು ಹೊಸದನ್ನು ಹಾಕುತ್ತಾ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗೇ ಎಂದು ದಾರ್ಶನಿಕರು ವಾದಿಸಿದರಂತೆ. ಹದಿನೇಳನೆಯ ಶತಮಾನದಲ್ಲಿ ಹಾಬ್ಸ್ ಇನ್ನೊಂದು ತೊಡಕು ಸೇರಿಸಿದನು. ತೆಗೆದುಹಾಕಿದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಸಿ ಹಡಗು ಕಟ್ಟಿದರೆ ಎರಡರಲ್ಲಿ ನಿಜವಾದದ್ದು ಯಾವುದು? ಈ ಪ್ರಶ್ನೆಗೆ ಸಾರಿಗೆ ಇಲಾಖೆ ಒಂದೇ ಏಟಿಗೆ ಉತ್ತರ ಕೊಟ್ಟಿದೆ. ಆರ್.ಸಿ. ಪುಸ್ತಕದಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಹೊಂದಿದರೆ ಅದು ಅದೇ ಟ್ರ್ಯಾಕ್ಟರು! ಹಾಬ್ಸ್ ಹೇಳಿದ ಹಲಗೆಗಳಂತೆ ಹಳೆಯ ಪಿಸ್ಟನ್, ಲೈನರುಗಳು ಗುಜರಿಯವನ ಚೀಲ ಸೇರಿದವು. ಆ ತಾಯಿಯ ಉತ್ತರ ಇನ್ನೂ ಸರಳ: "ಎಲ್ಲ ಬದಲಾಗ್ಲಿ, ಸದ್ದು ಅದೇ ಅದಲ್ಲ."

ಎಲ್ಲ ಹಳೆಯ ಟ್ರ್ಯಾಕ್ಟರುಗಳಿಗೂ ಈ ಭಾಗ್ಯವಿದೆಯೆಂದು ಯಾರೂ ಭಾವಿಸಬಾರದು. ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದ್ದರೆ, ಗೇರ್ ಬಾಕ್ಸಿನ ಹಲ್ಲುಗಳು ಉದುರಿದ್ದರೆ, ದಾಖಲೆಗಳು ಕಳೆದುಹೋಗಿದ್ದರೆ ಗುಜರಿಯವನ ಬೆಲೆಯೇ ಲೇಸು. ಈ ಮನೆಯಲ್ಲಿ ಖರ್ಚು ಅವನು ಕೇಳಿದ ಬೆಲೆಯ ಮೂರು ಪಟ್ಟಾಯಿತು. ಹಿಂದಿನ ಟೈರುಗಳದೇ ದೊಡ್ಡ ಪಾಲು. ತಿರುಪ್ಪೂರಿನ ಉಳಿತಾಯದಲ್ಲಿ ಬಹುಭಾಗ ಅದಕ್ಕೇ ಹೋಯಿತು, ಸೊಸೆಗೆ ಇದರಿಂದ ಅಸಮಾಧಾನವಿತ್ತು. ಮಕ್ಕಳ ಶಾಲೆಯ ಶುಲ್ಕವನ್ನು ಮುಂದಿಟ್ಟು ಆಕೆ ಆಡಿದ ಮಾತುಗಳಲ್ಲಿ ನ್ಯಾಯವಿತ್ತೆಂದೇ ನಮ್ಮ ಅಭಿಪ್ರಾಯ. ಬೇಸಾಯದ ಲೆಕ್ಕ ಮನೆಯ ಎಲ್ಲರ ಎದುರಿನಲ್ಲೂ ಆಗಬೇಕು.

ಇನ್ನೊಂದು ಎಚ್ಚರಿಕೆ. ಹಳೆಯ ಯಂತ್ರ ಓಡತೊಡಗಿದೊಡನೆ ಅದಕ್ಕೆ ಟ್ರೇಲರು ಜೋಡಿಸಿ ಜಾತ್ರೆಗೋ ಪುಣ್ಯಕ್ಷೇತ್ರದ ಹಬ್ಬಕ್ಕೋ ಮಂದಿಯನ್ನು ಕೂರಿಸಿಕೊಂಡು ಹೊರಡುವವರಿದ್ದಾರೆ. ಬ್ರೇಕು ಸರಿಯಿಲ್ಲದ ಟ್ರ್ಯಾಕ್ಟರನ್ನು ನಮ್ಮ ಘಾಟಿನ ರಸ್ತೆಗಳಿಗೆ ಇಳಿಸುವುದು ಹಲವು ಜೀವಗಳನ್ನು ಪಣಕ್ಕೊಡ್ಡಿದಂತೆ. ಟ್ರೇಲರು ಇರುವುದು ಗೊಬ್ಬರಕ್ಕೆ, ಮೂಟೆಗೆ. ಓಡುವ ಎಂಜಿನ್ನಿನ ಹಿಂದಿನ ತಿರುಗುವ ದಂಡದ ಬಳಿಗೆ ಸೆರಗು, ಪಂಚೆ ಸುಳಿಯದಿರಲಿ.

ಎರಡನೆಯ ಶತಮಾನದ ರಕ್ತಸಾಕ್ಷಿ ಸಂತ ಜಸ್ಟಿನರು ಸ್ವತಃ ದಾರ್ಶನಿಕರು. ಪ್ರಭು ಯೇಸುವು ಬಡಗಿಯಾಗಿ ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದರೆಂದು ಅವರು ಬರೆದಿದ್ದಾರೆ. ಮೇಸ್ತ್ರಿಗಳಿಗೆ ನಾವು ಇದನ್ನು ಹೇಳಿದಾಗ ಅವರು ಮಸಿ ಮೆತ್ತಿದ ಕೈ ಒರೆಸಿಕೊಳ್ಳುತ್ತಾ, ಹೊಸದನ್ನು ಮಾಡುತ್ತಿದ್ದರೋ ಹಳೆಯದನ್ನು ರಿಪೇರಿ ಮಾಡುತ್ತಿದ್ದರೋ ಎಂದು ಕೇಳಿದರು. ಹಳ್ಳಿಯ ಬಡಗಿಗೆ ಎರಡೂ ತಪ್ಪುತ್ತಿರಲಿಲ್ಲ ಎಂದೆವು.

ಕೃತ್ತಿಕೆಯಲ್ಲಿ ಮತ್ತೆ ಮಳೆಯಾಯಿತು. ಮರುದಿನ ಬೆಳಿಗ್ಗೆಯೇ ಆ ಹೊಲ ಉಳುಮೆಯಾಯಿತು. ಸಂಜೆಗೆ ಪಕ್ಕದ ಇಬ್ಬರು ಸಣ್ಣ ರೈತರ ಹೊಲಗಳೂ ಆದವು. ಅವರಲ್ಲೊಬ್ಬರು ಡೀಸೆಲಿನ ಹಣ ಕೊಟ್ಟರು, ಇನ್ನೊಬ್ಬರು ಸುಗ್ಗಿಯಲ್ಲಿ ರಾಗಿ ಕೊಡುವುದಾಗಿ ಹೇಳಿದ್ದಾರೆ. ಸೊಸೆ ಎರಡನ್ನೂ ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಹೈಡ್ರಾಲಿಕ್ ಲಿಫ್ಟು ಇನ್ನೂ ಸರಿಯಾಗಿ ಏಳುತ್ತಿಲ್ಲ. ಸಾಲಿನ ಕೊನೆಯಲ್ಲಿ ಎರಡು ನಿಮಿಷ ಕಾಯಬೇಕು. ಅದರ ಸೀಲುಗಳಿಗೆ ಮೇಸ್ತ್ರಿಗಳು ಆರ್ಡರು ಕೊಟ್ಟಿದ್ದಾರೆ. ರಾತ್ರಿ ಸೈಲೆನ್ಸರಿನ ಮೇಲೆ ಒಂದು ಹಾಲಿನ ಪುಡಿಯ ಡಬ್ಬವನ್ನು ಕವುಚಿ ಹಾಕುತ್ತಾರೆ.